ದುಭಾಷಿ

ಮೊದಲು ಕಂಡದ್ದು ಕೈಗಳು. ಗಾಂಧಿ ಪಾರ್ಕಿನ ಕಂಬಿಬೇಲಿಯಾಚೆ, ಮರದ ಬುಡದ ಸಿಮೆಂಟು ಕಟ್ಟೆಯ ಸುತ್ತ ಹತ್ತು ಹನ್ನೆರಡು ಜನ ನೆರೆದಿದ್ದರು; ಅಷ್ಟು ಜನ ನೆರೆದ ಕಡೆ ಇರಬೇಕಾದ ಗದ್ದಲ ಮಾತ್ರ ಇರಲಿಲ್ಲ. ದರ್ಜಿಯ ಅಂಗಡಿಯಿಂದ ರವಿಕೆ ಈಸಿಕೊಂಡು ನೆಹರೂ ರಸ್ತೆಯ ಕಡೆಯಿಂದ ಬರುತ್ತಿದ್ದ ರಂಜಿನಿ ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತಳು. ಕಟ್ಟೆಯ ಮೇಲೆ ಒಬ್ಬ ಈ ಕಡೆಗೆ ಬೆನ್ನು ಹಾಕಿ ನಿಂತು ಕಥೆ ಹೇಳುತ್ತಿದ್ದ. ಅವನ ಕೈಗಳು ಗಾಳಿಯಲ್ಲಿ ಏನನ್ನೋ ಕಟ್ಟಿ, ಕೆಡವಿ, ಮತ್ತೆ ಕಟ್ಟುತ್ತಿದ್ದವು. ಭುಜ ಒಮ್ಮೆ ಮುದುಕನದಾಗಿ ಬಾಗುತ್ತಿತ್ತು, ಒಮ್ಮೆ ಕಂಡಕ್ಟರನದಾಗಿ ಬಸ್ಸಿನ ಬಾಗಿಲಿಗೆ ಜೋತುಬೀಳುತ್ತಿತ್ತು. ಸುತ್ತಲಿನವರು ರೆಪ್ಪೆ ಬಡಿಯದೆ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಒಟ್ಟಿಗೆ ನಕ್ಕರು. ನಗೆಗೆ ಶಬ್ದವಿತ್ತು. ಎಂಥ ಮಾತುಗಾರ, ಅಂದುಕೊಂಡಳು ರಂಜಿನಿ. ಅಷ್ಟರಲ್ಲಿ ಅವನು ತಿರುಗಿದ. ಬಲ ಮುಂಗೈ ಮೇಲೆ ವೆಲ್ಡಿಂಗ್ ಕಿಡಿ ಸುಟ್ಟ ಕಲೆ. ಅವನು ಅವಳ ತಮ್ಮ ಲೋಹಿತ್.

ತಮ್ಮನ ಗುರುತು ಹತ್ತಲಿಲ್ಲವಲ್ಲ ಎಂಬುದಕ್ಕಿಂತ, ಗುರುತು ಹತ್ತಿದ ಮೇಲೂ ಅವನ ಒಂದೇ ಒಂದು ಮಾತು ತನಗೆ ತಿಳಿಯುತ್ತಿಲ್ಲ ಎಂಬುದು ಅವಳನ್ನು ಅಲ್ಲೇ ಕಟ್ಟಿಹಾಕಿತು. ಅವನ ಭಾಷೆ ಗೊತ್ತಿದ್ದವಳು ಅವಳೊಬ್ಬಳೇ. ಅದನ್ನು ಹುಟ್ಟಿಸಿದವಳೇ ಅವಳು. ಲೋಹಿತ್ ಹುಟ್ಟುಗಿವುಡ, ಅವನಿಗಿಂತ ಎಂಟು ವರ್ಷ ದೊಡ್ಡವಳಾದ ಅವಳು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಅಂಗಳದಲ್ಲಿ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಂದೊಂದೇ ಸನ್ನೆ ಮಾಡಿಕೊಟ್ಟಿದ್ದಳು. ತಲೆ ಮೇಲೆ ಅಂಗೈ ತಟ್ಟಿದರೆ ಅಪ್ಪ, ಕಾರ್ಖಾನೆಯ ಹೆಲ್ಮೆಟ್ಟು. ಮೂಗಿನ ಪಕ್ಕ ಬೆರಳಿಟ್ಟರೆ ಅಮ್ಮ, ಅವಳ ಮೂಗುತಿ. ಜಡೆ ಎಳೆದಂತೆ ಮಾಡಿದರೆ ಅಕ್ಕ. ಕೃಷ್ಣಪ್ಪನ ಮಗಳು ಆ ಮೂಗನ ಜೊತೆ ಹೆಂಗೆ ಮಾತಾಡ್ತಾಳೆ ನೋಡ್ರೇ ಅಂತ ಇಡೀ ಸಾಲಿನ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹೋದ ವರ್ಷ ವಿಮಾ ಕಚೇರಿಯ ತರಬೇತಿಯಲ್ಲಿ ಯಾರ್‍ಯಾರಿಗೆ ಯಾವ ಭಾಷೆ ಬರುತ್ತೆ ಅಂತ ಕೇಳಿದಾಗ, ಕನ್ನಡ, ಇಂಗ್ಲಿಷ್, ಹಿಂದಿ, ಅಷ್ಟಿಷ್ಟು ತಮಿಳು ಅಂತ ಹೇಳಿ, ಒಂದು ಗಳಿಗೆ ತಡೆದು, ಸನ್ನೆ ಭಾಷೆ ಕೂಡ ಅಂದಿದ್ದಳು. ಎಲ್ಲಿ ತೋರಿಸಿ ಮೇಡಂ ಅಂದರು. ನೀರು, ಊಟ, ಅಮ್ಮ, ಮಲಗು ಅಂತ ತೋರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತು ರಾತ್ರಿ ನಿದ್ದೆ ಬರುವವರೆಗೂ ಆ ಚಪ್ಪಾಳೆ ಅವಳ ಕಿವಿಯಲ್ಲಿತ್ತು.

ಬೇಲಿಯ ಈಚೆಯಿಂದ ಕೈ ಎತ್ತಿದಳು. ಲೋಹಿತ್ ನೋಡಿದ. ಅವನ ಕೈಗಳು ಕೆಳಗಿಳಿದವು, ಅಂಗಡಿ ಮುಚ್ಚುವಾಗ ಷಟರ್ ಇಳಿದ ಹಾಗೆ. ಕಟ್ಟೆಯಿಂದ ಹಾರಿ ಗೇಟು ಬಳಸಿ ಹತ್ತಿರ ಬಂದವನು ಅವಳಿಗೆ ಗೊತ್ತಿದ್ದ ಲೋಹಿತ್ತೇ ಆಗಿದ್ದ: ಜಡೆ ಎಳೆದು, ಹುಬ್ಬೇರಿಸಿ, ಬಾಯಿಗೆ ಬೆರಳು ಕೂಡಿಸಿ, ಅಕ್ಕ, ಊಟ ಆಯ್ತಾ ಅಂದ. ಮೂವತ್ತಾರು ವರ್ಷದ ಗಂಡಸು, ಭದ್ರಾವತಿಯ ವರ್ಕ್‌ಶಾಪಿನಲ್ಲಿ ಇವನ ಕೈಕೆಳಗೆ ಇಬ್ಬರು ಕೆಲಸ ಮಾಡುತ್ತಾರೆ, ಅಕ್ಕನ ಮುಂದೆ ಬಂದ ಕೂಡಲೇ ಅವನ ಕೈಗಳಿಗೆ ನಾಲ್ಕು ವರ್ಷವಾಯಿತು. ಅವರು ಯಾರು, ಕೇಳಿದಳು. ಎರಡು ಬೆರಳು ಕೊಂಡಿ ಹಾಕಿ ತೋರಿಸಿದ. ಸ್ನೇಹಿತರು. ಅಷ್ಟೇ. ಅವನ ಹಿಂದೆ ಬೂದು ಬಣ್ಣದ ಚೂಡಿದಾರದ ಹೆಂಗಸೊಬ್ಬಳು ರಂಜಿನಿಯನ್ನು ದಿಟ್ಟಿಸಿ, ಪಕ್ಕದವಳಿಗೆ ತನ್ನ ಮಣಿಕಟ್ಟನ್ನು ಎರಡು ಸಲ ತಟ್ಟಿ ತೋರಿಸಿದಳು. ಟೈಮ್ ಕೇಳುತ್ತಿದ್ದಾರೆ ಅಂದುಕೊಂಡ ರಂಜಿನಿ ತನ್ನ ವಾಚು ನೋಡಿ ಐದು ಬೆರಳೆತ್ತಿ, ಒಂದನ್ನು ಅರ್ಧ ಮಡಿಸಿ, ನಾಲ್ಕೂವರೆ ಅಂತ ತಿಳಿಸಿದಳು. ಅವರಿಬ್ಬರೂ ಸೌಜನ್ಯದಿಂದ ತಲೆಯಾಡಿಸಿದರು. ಲೋಹಿತ್ ನೆಲ ನೋಡಿದ.

ರವೀಂದ್ರನಗರದ ಮನೆಗೆ ಬಂದು ಗಂಡ ಶಿವಪ್ರಸಾದನಿಗೆ ಹೇಳಿದಾಗ ಅವನು ಟೀವಿಯ ಸದ್ದು ಕಡಿಮೆ ಮಾಡಿದ, ಅಷ್ಟೇ. ‘ಒಳ್ಳೇದಾಯ್ತಲ್ಲ ಮಾರಾಯ್ತಿ. ಜೊತೆಯವರು ಸಿಕ್ಕಿದಾರೆ ಅವನಿಗೆ.’

‘ನಂಗ್ಯಾಕೆ ಹೇಳ್ಲಿಲ್ಲ ಅವ್ನು?’

‘ನೀನು ಕೇಳಿದ್ಯಾ?’

ಅವನು ಏನೂ ಮನಸ್ಸಿನಲ್ಲಿಟ್ಟುಕೊಂಡು ಅಂದದ್ದಲ್ಲ. ಆದರೆ ಅವಳು ರವಿಕೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತ ಹಾಸಿಗೆಯ ಅಂಚಿನಲ್ಲಿ ಕೂತಳು. ಬೆಳಗಾವಿಗೆ ಬಡ್ತಿ ಕೊಟ್ಟಾಗ ಬೇಡವೆಂದಿದ್ದು ಯಾರಿಗಾಗಿ? ಹೆಣ್ಣು ನೋಡಲು ಬಂದ ದಿನ ಇದೇ ಶಿವಪ್ರಸಾದನಿಗೆ, ನನ್ನ ತಮ್ಮನಿಗೆ ನಾನೇ ಬಾಯಿ, ಅಷ್ಟು ದೂರದ ಊರಿಗೆಲ್ಲ ನಾನು ಬರುವುದಿಲ್ಲ ಅಂದಿದ್ದು ಯಾರಿಗಾಗಿ? ಕಟ್ಟೆಯ ಮೇಲೆ ನಿಂತ ಆ ಮಾತುಗಾರ ನಗುತ್ತಿದ್ದ. ಬಾಯಿಯಿಲ್ಲದವನು ಅಂತ ಇಷ್ಟು ವರ್ಷ ಬಾಯಿಯಾದೆ. ಅವನಿಗೆ ಬಾಯಿ ಇತ್ತು, ನನ್ನಿಂದ ಮುಚ್ಚಿಟ್ಟುಕೊಂಡಿದ್ದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹುಡುಗಿಯ ದನಿ.

‘ನಮಸ್ತೆ ಮೇಡಂ. ನಾನು ಸಂಘಮಿತ್ರಾ ಅಂತ, ಸೈನ್ ಲ್ಯಾಂಗ್ವೇಜ್ ಇಂಟರ್‌ಪ್ರಿಟರ್. ಲೋಹಿತ್ ಅವರು ವಿಡಿಯೋ ಕಾಲಲ್ಲಿ ಇದಾರೆ, ಅವರ ಮಾತು ನಾನು ಹೇಳ್ತೀನಿ.’ ಅದೇ ದನಿ ಮುಂದುವರಿಯಿತು. ‘ಅಕ್ಕಾ, ನಾಳೆ ಭಾನುವಾರ ಭದ್ರಾವತಿಗೆ ಬಾ. ಒಂದು ಮುಖ್ಯವಾದ ವಿಷಯ ಇದೆ. ಇವತ್ತು ಪಾರ್ಕಿನಲ್ಲಿ ಹೇಳ್ಬೇಕಿತ್ತು, ನಮ್ಮ ಸನ್ನೇಲಿ ಅದನ್ನ ಹೇಳಕ್ಕಾಗಲ್ಲ.’

ಯಾರೋ ಹೆಣ್ಣುಮಗಳು ಅಕ್ಕಾ ಅಂದಳು, ಆದರೆ ಅಂದವನು ಲೋಹಿತ್. ಅವನು ಅಕ್ಕಾ ಎನ್ನುವುದನ್ನು ಅವಳು ಕಿವಿಯಲ್ಲಿ ಕೇಳಿದ್ದು ಅದೇ ಮೊದಲು. ಫೋನು ಇಟ್ಟ ಮೇಲೆ ತಾನು ಹೂಂ ಅಂದೆನೋ ಇಲ್ಲವೋ ಅವಳಿಗೆ ನೆನಪಾಗಲಿಲ್ಲ.

ಭದ್ರಾವತಿಯ ಪ್ರೈವೇಟ್ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಎಫ್‌ಎಂನ ಹಾಡು, ಟೈರಿನ ಸದ್ದು, ಹಿಂದಿನ ಸೀಟಿನಲ್ಲಿ ಯಾರೋ ಅಡಿಕೆ ರೇಟಿನ ಬಗ್ಗೆ ಫೋನಿನಲ್ಲಿ ಕೂಗಾಡುವುದು. ನಮ್ಮ ಸನ್ನೇಲಿ ಹೇಳಕ್ಕಾಗಲ್ಲ. ಯಾಕಾಗಲ್ಲ? ಎಲ್ಲಾ ಹೇಳುತ್ತಿರಲಿಲ್ಲವೇ? ಮನಸ್ಸಿನಲ್ಲೇ ಸನ್ನೆಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಬಾ, ಹೋಗು, ಕೂರು, ಬೇಡ, ಬಿಸಿ, ಜ್ವರ, ಪೊಲೀಸು, ಮಳೆ, ದುಡ್ಡು, ಸ್ನಾನ. ಮದುವೆ ಇತ್ತು, ತಾಳಿ ಕಟ್ಟಿದಂತೆ. ಸಾವು ಇತ್ತು. ಆಸೆ ಇರಲಿಲ್ಲ. ಬೇಜಾರು ಇರಲಿಲ್ಲ, ಹೊಟ್ಟೆನೋವು ಇತ್ತು. ಯಾಕೆ ಅನ್ನುವುದಕ್ಕೂ ಸನ್ನೆ ಇರಲಿಲ್ಲ. ಹಾಗಾದರೆ ಲೋಹಿತ್ ಚಿಕ್ಕವನಿದ್ದಾಗ ಏನನ್ನೂ ಯಾಕೆ ಅಂತ ಕೇಳಲೇ ಇಲ್ಲವೇ? ಕೇಳಿರಬೇಕು. ಹುಬ್ಬು ಗಂಟಿಕ್ಕಿ ಅವಳ ಕೈಯನ್ನೇ ಅಲುಗಾಡಿಸುತ್ತಿದ್ದ. ಅವಳು ಹಠ ಮಾಡಬೇಡ ಅಂತ ಕೈ ಕೊಡವಿಕೊಳ್ಳುತ್ತಿದ್ದಳು. ಶಿವಮೊಗ್ಗದ ಕಿವುಡ ಮಕ್ಕಳ ಶಾಲೆಗೆ ಎರಡು ವರ್ಷ ಹಾಕಿದ್ದರು. ಅಲ್ಲಿ ಸನ್ನೆ ಮಾಡಿದರೆ ಕೈಗೆ ಏಟು, ತುಟಿ ನೋಡಿ ಪ ಫ ಬ ಕಲಿಯಬೇಕು. ಅತ್ತು ಅತ್ತು ಜ್ವರ ಬಂದು ಮನೆಗೆ ವಾಪಸು ಬಂದ. ಅವತ್ತು ಅವಳು ಒಳಗೊಳಗೇ ಗೆದ್ದಿದ್ದಳು. ಇವನಿಗೆ ನಾನು ಸಾಕು, ಅಂತ ಅಪ್ಪನ ಎದುರಿಗೆ ಹೇಳಿಯೂ ಇದ್ದಳು. ಈಗ ಬಸ್ಸು ತಿರುವಿನಲ್ಲಿ ವಾಲಿದಾಗ ಆ ಗೆಲುವು ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಪಕ್ಕಕ್ಕೆ ಸರಿಯಿತು. ಆದರೂ ಮುಚ್ಚಿಡಬಾರದಿತ್ತು ಅವನು. ಬೇರೆ ಯಾರು ಮುಚ್ಚಿಟ್ಟರೂ ಸರಿ, ಅವನು ಮುಚ್ಚಿಡಬಾರದಿತ್ತು.

ಹೊಸಮನೆಯ ಆ ಎರಡು ಕೋಣೆಯ ಮನೆ ಅಪ್ಪ ರಿಟೈರಾದ ಮೇಲೆ ಕಟ್ಟಿಸಿದ್ದು. ಅಮ್ಮ ಮಾಸ್ತಮ್ಮ ಬಾಗಿಲಲ್ಲೇ ನಿಂತು ಪಕ್ಕದ ಮನೆಯವಳ ಜೊತೆ ತಮಿಳಿನಲ್ಲಿ ಸೊಪ್ಪಿನ ವ್ಯಾಪಾರದ ಮಾತಾಡುತ್ತಿದ್ದಳು. ಸ್ಲೇಟು ಹಿಡಿಯದ ಅಮ್ಮ ಕಾರ್ಖಾನೆ ಸಾಲಿನಲ್ಲಿ ಮೂವತ್ತು ವರ್ಷ ಇದ್ದು ತಮಿಳಿನಲ್ಲಿ ಬಾಣಂತನ ಮಾಡಿಸಿದ್ದಳು, ತೆಲುಗಿನಲ್ಲಿ ನಲ್ಲಿ ಜಗಳ ಗೆದ್ದಿದ್ದಳು, ಉರ್ದುವಿನಲ್ಲಿ ಬಳೆ ಚೌಕಾಸಿ ಮಾಡಿದ್ದಳು. ಮಗನ ಹತ್ತಿರ ಮಾತ್ರ ರಂಜಿನಿಯನ್ನು ಕರೆಯುತ್ತಿದ್ದಳು. ರಂಜಿ, ಅವನಿಗೆ ಹೇಳೇ. ರಂಜಿ, ಏನಂತೆ ಕೇಳೇ.

‘ಬಾರೇ. ನಿನ್ನ ದಾರೀನೇ ನೋಡ್ತಿದ್ವಿ’ ಅಂತ ಅಮ್ಮ ಒಳಗೆ ಕರೆದಳು. ನಡುಮನೆಯಲ್ಲಿ ಚಾಪೆಯ ಮೇಲೆ ಲೋಹಿತ್, ಅವನ ಪಕ್ಕ ನಿನ್ನೆಯ ಬೂದು ಚೂಡಿದಾರದ ಹೆಂಗಸು, ಇವತ್ತು ಸೀರೆಯಲ್ಲಿ. ಎದುರಿಗೆ ಸ್ಟೂಲಿನ ಮೇಲೆ ಕಪ್ಪು ಕುರ್ತಾದ ತೆಳ್ಳಗಿನ ಹುಡುಗಿ, ಅವಳೇ ಸಂಘಮಿತ್ರಾ. ಹತ್ತಿರ ಬಂದು ಕೈ ಮುಗಿದು, ‘ಮೇಡಂ ಅನ್ಲಾ, ಅಕ್ಕ ಅನ್ಲಾ?’ ಅಂತ ಕೇಳಿದಳು. ಏನಾದರೂ ಅನ್ನು ಅಂದಳು ರಂಜಿನಿ. ಕುರ್ಚಿಯೊಂದನ್ನು ತನಗಾಗಿ ಗೋಡೆಗೆ ಹಾಕಿಟ್ಟಿದ್ದರು, ಹೊರಗಿನಿಂದ ಬಂದವರಿಗೆ ಹಾಕುವ ಹಾಗೆ.

ಅಮ್ಮ ಕಾಫಿ ತಂದಳು. ಲೋಟವನ್ನು ಲೋಹಿತನ ಮುಂದಿಟ್ಟು, ಎರಡೂ ಕೈಗಳನ್ನು ಎದೆಯ ಮುಂದೆ ತಂದು, ಎಡವುತ್ತ, ನಡುವೆ ನಿಂತು ಬೆರಳುಗಳನ್ನೇ ನೋಡಿಕೊಂಡು ಸರಿಮಾಡುತ್ತ, ಅವನಿಗೆ ಏನೋ ಹೇಳಿದಳು. ಅಮ್ಮನ ಕೈಗಳು. ಎಪ್ಪತ್ತು ವರ್ಷದ, ರೊಟ್ಟಿ ತಟ್ಟುವ, ಗಂಟು ಕಟ್ಟಿದ ಬೆರಳುಗಳು. ಲೋಹಿತ್ ಉತ್ತರ ಕೊಟ್ಟ, ನಿಧಾನವಾಗಿ, ಒಂದೊಂದನ್ನೂ ಬಿಡಿಸಿ. ಅಮ್ಮ ಕತ್ತು ಓರೆ ಮಾಡಿ ನೋಡಿದಳು. ತಿಳಿಯದೆ ಇನ್ನೊಮ್ಮೆ ಕೇಳಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಪಕ್ಕದಲ್ಲಿದ್ದ ಆ ಹೆಂಗಸೂ ನಕ್ಕಳು.

‘ಏನಂದ?’ ಕೇಳಿದಳು ರಂಜಿನಿ.

‘ಇರೇ, ಆಮೇಲೆ ಹೇಳ್ತೀನಿ’ ಅಂದಳು ಅಮ್ಮ, ನಗು ತಡೆಯಲಾರದೆ.

ಕಾಫಿ ಲೋಟ ಬೆರಳು ಸುಡುತ್ತಿದ್ದರೂ ರಂಜಿನಿ ಕೆಳಗಿಡಲಿಲ್ಲ. ಆಮೇಲೆ ಹೇಳ್ತೀನಿ. ಚಿಕ್ಕಪ್ಪನ ಮನೆಯ ಪಂಕ್ತಿಯಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಗುವಾಗ ಎಡಕ್ಕೆ ಕೂತ ಲೋಹಿತ್ ಅವಳ ಮೊಣಕೈ ಎಳೆಯುತ್ತಿದ್ದ. ಏನು? ಏನು? ಅವಳು ಅಂಗೈಯನ್ನು ಹಿಂದಕ್ಕೆ ತಳ್ಳಿದಂತೆ ಮಾಡುತ್ತಿದ್ದಳು: ಆಮೇಲೆ. ಮದುವೆಮನೆಗಳಲ್ಲಿ, ತಿಥಿಗಳಲ್ಲಿ, ಅಪ್ಪನ ಯೂನಿಯನ್ನಿನ ಸ್ನೇಹಿತರು ಬಂದು ಜಗಳ ಕಾಯುವಾಗ, ಆಮೇಲೆ. ಅವನು ತಲೆಯಾಡಿಸಿ, ಎಲ್ಲರೂ ನಗುವುದು ನಿಲ್ಲಿಸಿದ ಮೇಲೆ ತಾನೂ ಒಂದು ಸಲ ನಕ್ಕು, ಅನ್ನ ಕಲಸುತ್ತಿದ್ದ. ಆ ಆಮೇಲೆ ಯಾವತ್ತಾದರೂ ಬಂದಿತ್ತೇ? ಬಂದಿದ್ದರೂ, ಮಾವ ಬಿದ್ದರು, ನಗು, ಅಷ್ಟೇ. ಭಾಷೆ ಗೊತ್ತಿಲ್ಲದವರು ಹೇಳದಿದ್ದರೆ ಅದು ಬೇರೆ ಮಾತು. ಅವಳಿಗೆ ಗೊತ್ತಿತ್ತು.

‘ಅಮ್ಮಾ, ನಿಂಗೆ ಯಾರು ಕಲ್ಸಿದ್ದು ಇದನ್ನ?’

‘ಸುಷ್ಮಾ’ ಅಂತ ಅಮ್ಮ ಪಕ್ಕದವಳ ಕಡೆ ಗದ್ದ ತೋರಿಸಿದಳು. ‘ಆರು ತಿಂಗಳಾಯ್ತು. ಭಾನುವಾರ ಭಾನುವಾರ ಬರ್ತಾಳೆ. ಶಿವಮೊಗ್ಗದ ಪ್ರೆಸ್ಸಲ್ಲಿ ಕಂಪ್ಯೂಟರ್ ಕೆಲಸ ಮಾಡ್ತಾಳೆ. ಬಲು ಜಾಣೆ ಕಣೇ.’

‘ಆರು ತಿಂಗಳಿಂದ ಬರ್ತಿದಾಳೆ, ನೀನೂ ನಂಗೆ ಹೇಳ್ಲಿಲ್ಲ.’

‘ಹೇಳಿದ್ರೆ ನೀನು ಬಂದು ಮಧ್ಯ ಕೂತ್ಕೋತಿದ್ದೆ’ ಅಂದಳು ಅಮ್ಮ, ಯಾವ ಕಹಿಯೂ ಇಲ್ಲದೆ, ಹವಾಮಾನ ಹೇಳಿದ ಹಾಗೆ. ‘ನೀನಿದ್ದಾಗ ನಂಗ್ಯಾಕೆ ಬೇಕಿತ್ತು ಹೇಳು? ಎಲ್ಲಾ ನೀನೇ ಹೇಳ್ತಿದ್ದೆ. ನನ್ನ ಕೂಸಿನ ಹತ್ರ ನಾನು ಮಾತಾಡೋಕೆ ಇಷ್ಟು ವರ್ಷ ಬೇಕಾಯ್ತು.’

ಅಷ್ಟರಲ್ಲಿ ಲೋಹಿತ್ ನೆಟ್ಟಗೆ ಕೂತ. ಸಂಘಮಿತ್ರಾ ಸ್ಟೂಲನ್ನು ರಂಜಿನಿಯ ಪಕ್ಕಕ್ಕೆ ಎಳೆದುಕೊಂಡಳು. ಅವನ ಕೈ ಆಡತೊಡಗಿತು, ಅವಳ ಬಾಯಿ ಹಿಂಬಾಲಿಸಿತು. ‘ಅಕ್ಕಾ, ನಾನು ಸುಷ್ಮಾನ ಮದುವೆ ಆಗ್ತಿದೀನಿ. ಮುಂದಿನ ತಿಂಗಳು ರಿಜಿಸ್ಟರ್ ಆಫೀಸಲ್ಲಿ. ಅವರ ಮನೆಯವರು ಒಪ್ಪಿದಾರೆ, ಅಮ್ಮ ಒಪ್ಪಿದಾಳೆ.’

ಎಲ್ಲರೂ ಒಪ್ಪಿ ಮುಗಿದ ಮೇಲೆ ತನಗೆ ಹೇಳಿಕೆ. ಲಗ್ನದ ಕಾಗದ ಹಂಚಿದ ಹಾಗೆ. ರಂಜಿನಿಗೆ ಸಿಟ್ಟು ಬಂತೋ ಅಳು ಬಂತೋ, ಲೋಟವನ್ನು ಕಿಟಕಿಯ ಮೇಲಿಟ್ಟು ಅಮ್ಮನ ಕಡೆ ತಿರುಗಿ, ಎಂದಿನ ಅಭ್ಯಾಸದಂತೆ, ಅವನ ಎದುರಿಗೇ, ಅವನಿಗೆ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ ಅಂದಳು: ‘ಇಬ್ರೂ ಕಿವುಡರಾದ್ರೆ ಸಂಸಾರ ಹೆಂಗಮ್ಮಾ? ನಾಳೆ ಮಗು ಅತ್ರೆ ಯಾರಿಗೆ ಕೇಳ್ಸತ್ತೆ? ಈ ಹುಡುಗೀದು ಏನು ಎತ್ತ ವಿಚಾರಿಸಿದ್ಯಾ? ಇವನಿಗೇನು ತಿಳಿಯತ್ತೆ, ಯಾರಾದ್ರೂ ನಕ್ಕರೆ ಹಿಂದೆ ಹೋಗೋನು.’

ಅವಳು ಮಾತು ಮುಗಿಸುವಷ್ಟರಲ್ಲಿ ಪಕ್ಕದಲ್ಲಿ ಗಾಳಿ ಅಲುಗಿದಂತಾಯಿತು. ಸಂಘಮಿತ್ರಾಳ ಕೈಗಳು ಆಡುತ್ತಿದ್ದವು. ಒಂದೊಂದನ್ನೂ, ಬಿಡದೆ. ಲೋಹಿತ್ ನೋಡುತ್ತಿದ್ದ. ಸುಷ್ಮಾ ನೋಡುತ್ತಿದ್ದಳು.

‘ಅಯ್ಯೋ, ಅದನ್ಯಾಕೆ ಹೇಳ್ತೀಯಾ!’

‘ಈ ಕೋಣೇಲಿ ಆಡಿದ್ದನ್ನೆಲ್ಲ ಹೇಳ್ಬೇಕು ಅಕ್ಕಾ’ ಅಂದಳು ಸಂಘಮಿತ್ರಾ, ಕೈ ನಿಲ್ಲಿಸದೆ. ಅಂದರೆ ಇದನ್ನೂ ಅವರಿಗೆ ಹೇಳುತ್ತಿದ್ದಳು. ‘ಅದೇ ನನ್ನ ಕೆಲಸ. ಬೇಕಾದ್ದು ಬೇಡದ್ದು ಆರಿಸೋ ಹಂಗಿಲ್ಲ.’ ಆಮೇಲೆ, ‘ನಮ್ಮಪ್ಪ ಅಮ್ಮ ಇಬ್ರೂ ಕಿವುಡರು. ನಾನು ಕೂಸಾಗಿದ್ದಾಗ ಅಮ್ಮ ನನ್ನ ಎದೆ ಮೇಲೆ ಕೈ ಇಟ್ಕೊಂಡೇ ಮಲಗ್ತಿದ್ಳಂತೆ. ಅಳೋ ಮುಂಚೆನೇ ಎದ್ದಿರ್ತಿದ್ಳು’ ಅಂದಳು.

ಸುಷ್ಮಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಶಾಂತವಾಗಿ ಲೋಹಿತನ ಕಡೆ ತಿರುಗಿ ಮಣಿಕಟ್ಟನ್ನು ಎರಡು ಸಲ ತಟ್ಟಿ, ಮುಂದೆ ಇನ್ನೇನೋ ಹೇಳಿದಳು. ಸಂಘಮಿತ್ರಾ ದನಿ ಕೊಟ್ಟಳು: ‘ಅಕ್ಕನಿಗೆ ಹೆದರಿಕೆ ಆಗಿದೆ, ಕೋಪ ಮಾಡ್ಕೋಬೇಡ.’ ರಂಜಿನಿ ಆ ಮಣಿಕಟ್ಟನ್ನೇ ನೋಡುತ್ತಿದ್ದಳು. ‘ಅದು ಟೈಮ್ ಅಲ್ವಾ?’ ಅಂತ ಕೇಳಿದಳು.

ಹುಡುಗಿ ಮೊದಲ ಸಲ ತಡವರಿಸಿದಳು. ‘ಅದು… ನಿಮ್ಮ ಹೆಸರು ಅಕ್ಕಾ. ನಮ್ಮಲ್ಲಿ ಎಲ್ಲರಿಗೂ ಒಂದೊಂದು ಸನ್ನೆ ಹೆಸರಿರತ್ತೆ. ಉದ್ದ ಮೂಗು, ಗುಂಗುರು ಕೂದಲು, ಏನೋ ಒಂದು. ಲೋಹಿತ್ ನಿಮಗೆ ಇಟ್ಟಿರೋದು ಇದು. ವಾಚ್ ನೋಡೋಳು.’

ಜಡೆ ಎಳೆದರೆ ಅಕ್ಕ. ಆ ಜಡೆ ಕತ್ತರಿಸಿ ಹದಿನೈದು ವರ್ಷವಾಗಿತ್ತು. ಪಾರ್ಕಿನಲ್ಲಿ ತನ್ನ ಹೆಸರು ಹೇಳಿದವರಿಗೆ ತಾನು ನಾಲ್ಕೂವರೆ ಗಂಟೆ ಅಂದಿದ್ದಳು. ಲೋಹಿತನ ಕಡೆ ತಿರುಗಿ, ಸನ್ನೆ ಮಾಡಲು ಎತ್ತಿದ ಕೈಯನ್ನು ಹಾಗೇ ಮಡಿಲಲ್ಲಿಟ್ಟುಕೊಂಡು, ಬಾಯಲ್ಲೇ ಕೇಳಿದಳು. ‘ಎಷ್ಟು ವರ್ಷದಿಂದ ನಡೀತಿದೆ ಇದು? ನನ್ನಿಂದ ಯಾಕೆ ಮುಚ್ಚಿಟ್ಟೆ?’

ಉತ್ತರ ಉದ್ದವಾಗಿತ್ತು. ಹುಡುಗಿಯ ದನಿಯಲ್ಲಿ, ಶಿವಮೊಗ್ಗದ ಹುಡುಗಿಯರ ಆ ಎಳೆತದಲ್ಲಿ, ಅವಳ ತಮ್ಮ ಅವಳ ಜೊತೆ ಮಾತಾಡಿದ. ‘ಎರಡೂವರೆ ವರ್ಷ. ಮುಚ್ಚಿಡ್ಲಿಲ್ಲ ಅಕ್ಕಾ. ಮೊದಲ ದೀಪಾವಳಿಗೇ ನಿನ್ನ ಮನೆಗೆ ಬಂದು ಅಕ್ಕ ಅನ್ನೋದಕ್ಕೆ ಹೊಸ ಸನ್ನೆ ತೋರಿಸಿದೆ. ನೀನು ನನ್ನ ಕೈ ಹಿಡಿದು ಇಳಿಸಿದೆ. ಹಂಗಲ್ಲ, ಹಿಂಗೆ ಅಂತ ಜಡೆ ಎಳೆದು ತೋರಿಸಿದೆ. ಎರಡನೇ ಸಲಾನೂ ಅದೇ ಮಾಡಿದೆ. ಆಮೇಲೆ ನಾನು ತೋರಿಸ್ಲಿಲ್ಲ. ಪಾರ್ಕಿಗೆ ಮೊದಲ ದಿನ ಹೋದಾಗ ಅವರು ನನ್ನ ಹೆಸರು ಕೇಳಿದ್ರು, ಊರು ಕೇಳಿದ್ರು, ಅದಕ್ಕೆ ಹೇಗೋ ತಿಳಿಸಿದೆ. ನಿನಗೆ ಏನು ಇಷ್ಟ ಅಂತ ಕೇಳಿದ್ರು. ಆ ಪ್ರಶ್ನೇನೇ ನಂಗೆ ಅರ್ಥ ಆಗ್ಲಿಲ್ಲ. ಮೂವತ್ಮೂರು ವರ್ಷ ನಂಗೆ ಯಾರೂ ಅದನ್ನ ಕೇಳಿರ್ಲಿಲ್ಲ.’

‘ನಾನು ನಿಂಗೋಸ್ಕರ…’ ಅಂತ ಶುರುಮಾಡಿದ ರಂಜಿನಿ, ಪಕ್ಕದ ಕೈಗಳು ಅದನ್ನೂ ಎತ್ತಿಕೊಂಡು ಗಾಳಿಯಲ್ಲಿ ಹಿಡಿದು ಮುಂದಿನ ಮಾತಿಗೆ ಕಾಯುತ್ತಿರುವುದು ಕಂಡು, ನಿಲ್ಲಿಸಿದಳು. ಬೆಳಗಾವಿ, ಬಡ್ತಿ, ಮದುವೆಯ ಷರತ್ತು, ಎಲ್ಲ ನಾಲಗೆಯ ತುದಿಯಲ್ಲಿದ್ದವು.

‘ಇನ್ನೊಂದು ಕೇಳ್ಬೇಕು’ ಅಂದಿತು ಹುಡುಗಿಯ ದನಿ. ಲೋಹಿತನ ಮುಖ ಗಂಟಾಗಿತ್ತು. ‘ಅಪ್ಪ ಆಸ್ಪತ್ರೇಲಿದ್ದಾಗ, ಕೊನೇ ದಿನದ ಹಿಂದಿನ ದಿನ, ನನ್ನ ಕೈ ಹಿಡ್ಕೊಂಡು ತುಂಬಾ ಹೊತ್ತು ಮಾತಾಡಿದ್ರು. ಅಷ್ಟು ಹೊತ್ತು ನನ್ನ ಮುಖ ನೋಡಿ ಅವರು ಯಾವತ್ತೂ ಮಾತಾಡಿರ್ಲಿಲ್ಲ. ಅತ್ತರು ಕೂಡ. ನಾನು ನಿನ್ನ ನೋಡಿದೆ. ನೀನು ಅಪ್ಪ, ಚೆನ್ನಾಗಿದಾರೆ, ಅಳಬೇಡ ಅಂತ ಮೂರು ಸನ್ನೆ ಮಾಡಿದೆ. ಅಪ್ಪ ಏನು ಹೇಳಿದ್ರು ಅಕ್ಕಾ? ಪೂರ್ತಿ ಹೇಳು. ಈಗ ಹೇಳಬಹುದು, ಸಂಘಮಿತ್ರಾ ಇದಾಳೆ.’

ಅಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಕೂತಳು. ಆರು ವರ್ಷದ ಹಿಂದಿನ ಆ ವಾರ್ಡು ರಂಜಿನಿಯ ಕಣ್ಣ ಮುಂದೆ ಹಾಗೇ ಇತ್ತು. ಹಸಿರು ಪರದೆಯ ಉಂಗುರ ಒಂದು ಕಳಚಿ ಜೋತುಬಿದ್ದಿತ್ತು. ಅಪ್ಪನ ತುಟಿ ಒಣಗಿ ಬಿರಿದಿತ್ತು, ಮೇಲಿನ ತುಟಿಯ ಎಡಕ್ಕೆ ಒಂದಿಷ್ಟು ಬಿಳಿ. ಲೋಹಿತನ ದೊಡ್ಡ ಕೈಯೊಳಗೆ ಅಪ್ಪನ ಕೈ. ತುಟಿಗಳು ಆಡುತ್ತಿದ್ದವು. ಆಡುತ್ತಲೇ ಇದ್ದವು. ಅವಳು ಡಾಕ್ಟರರ ದಾರಿ ನೋಡುತ್ತ ಕಾಲುಬುಡದಲ್ಲಿ ನಿಂತಿದ್ದಳು, ಬಾಗಿಲ ಕಡೆ ಒಂದು ಕಣ್ಣು. ಅಪ್ಪನ ಮಾತನ್ನು ಕಿವಿ ಕೇಳುತ್ತಿತ್ತು, ಮನಸ್ಸು ಅದರಲ್ಲಿ ಸನ್ನೆಗೆ ಸಿಕ್ಕುವಂಥದ್ದು ಏನಿದೆ ಅಂತ ಹುಡುಕಿ, ಸಿಗದೆ ಹೋದದ್ದನ್ನೆಲ್ಲ ಜಾರಿಸಿಬಿಡುತ್ತಿತ್ತು. ಅದು ಅವಳಿಗೆ ಉಸಿರಾಡುವಷ್ಟು ರೂಢಿಯಾಗಿತ್ತು. ಈಗ ಎಷ್ಟು ತಡಕಿದರೂ ಪರದೆಯ ಉಂಗುರ ಸಿಗುತ್ತದೆ, ತುಟಿಯ ಬಿಳಿ ಸಿಗುತ್ತದೆ, ಮಾತು ಸಿಗುವುದಿಲ್ಲ. ಕೇಳುವ ಕಿವಿ ಆ ಮಂಚದ ಹತ್ತಿರ ಅವಳದೊಂದೇ ಇತ್ತು.

‘ಅಪ್ಪ ಹೇಳಿದ್ದು’ ಅಂದಳು. ‘ನಿನ್ನ ಹತ್ರ ಮಾತಾಡೋದು ನಾನು ಕಲೀಲಿಲ್ಲ ಮಗಾ, ತಪ್ಪಾಯ್ತು ಅಂದ್ರು. ವರ್ಕ್‌ಶಾಪಲ್ಲಿ ನಿನ್ನ ಕೈಕೆಲಸ ಎಲ್ಲರೂ ಹೊಗಳ್ತಾರೆ, ಅದನ್ನ ಕೇಳಿ ನಂಗೆ ಎದೆ ತುಂಬತ್ತೆ ಅಂದ್ರು. ನಿಂಗೊಂದು ಸಂಸಾರ ಆಗೋದು ನೋಡ್ಬೇಕಿತ್ತು ಅಂದ್ರು.’ ಹೇಳುತ್ತ ಹೇಳುತ್ತ ಅದು ನಿಜವೇ ಇರಬೇಕು ಅನ್ನಿಸಿತು. ಅಪ್ಪ ಇದನ್ನು ಬಿಟ್ಟು ಇನ್ನೇನು ಹೇಳಿಯಾರು? ಹೊಸ್ತಿಲಲ್ಲಿ ಅಮ್ಮ ಕಣ್ಣೊರೆಸಿಕೊಂಡಳು. ಸಂಘಮಿತ್ರಾಳ ಕೈಗಳು ಆ ಮಾತುಗಳಿಗೆ ಮೃದುವಾಗಿ ಆಕಾರ ಕೊಡುತ್ತಿದ್ದವು. ಆದರೆ ಲೋಹಿತ್ ಆ ಕೈಗಳನ್ನು ನೋಡುತ್ತಿರಲಿಲ್ಲ, ಓರೆಗಣ್ಣಿಗೆ ಬಿದ್ದಷ್ಟು ಬೀಳಲಿ ಅಂತ ಬಿಟ್ಟು, ಅಕ್ಕನ ಮುಖವನ್ನೇ ನೋಡುತ್ತಿದ್ದ. ಕೇಳಿಸದವನು ಹುಟ್ಟಿದಾಗಿನಿಂದ ಓದಿದ್ದು ಅದೊಂದನ್ನೇ. ಅವಳು ಮುಗಿಸಿದ ಮೇಲೆ ಅವನು ಬಲಗೈ ಎತ್ತಿ ತನ್ನ ಕೆನ್ನೆಯನ್ನು ಎರಡು ಬೆರ‍ಳಲ್ಲಿ ಹಿಡಿದು, ಮೆಲ್ಲಗೆ ಹಿಂಡಿದ.

ಸಂಘಮಿತ್ರಾ ಬಾಯಿ ತೆರೆದವಳು ನಿಂತಳು. ಇನ್ನೊಮ್ಮೆ ಮಾಡಿ ಅಂತ ಅವನಿಗೆ ಸನ್ನೆ ಮಾಡಿದಳು. ಅವನು ಇನ್ನೊಮ್ಮೆ ಮಾಡಿದ. ‘ಇದು ನಂಗೆ ಗೊತ್ತಾಗ್ಲಿಲ್ಲ ಅಕ್ಕಾ. ನಿಮ್ಮನೆ ಸನ್ನೆ ಇರ್ಬೇಕು. ಏನಂತಿದಾರೆ?’

‘ಏನಂದ್ನೇ?’ ಅಂದಳು ಅಮ್ಮ.

ಸುಳ್ಳು ಹೇಳಿದರೆ ಅಮ್ಮ ಕೆನ್ನೆ ಹಿಂಡುತ್ತಿದ್ದಳು. ಹಾಗೆ ಹುಟ್ಟಿದ ಸನ್ನೆ ಅದು. ಅಮ್ಮನಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗದಿರಲೆಂದೇ ಅಕ್ಕತಮ್ಮ ಮಾಡಿಕೊಂಡದ್ದು. ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ತಿಳಿದ ಮಾತು. ಸುಷ್ಮಾ ಕಾಯುತ್ತಿದ್ದಳು, ಹುಡುಗಿ ಕಾಯುತ್ತಿದ್ದಳು. ಸಂತೋಷ ಅಂತಿದಾನೆ ಅಂದರೆ ಮುಗಿಯುತ್ತಿತ್ತು. ಅಮ್ಮ ಒಳಗೆ ಹೋಗಿ ಸಿಹಿ ತರುತ್ತಿದ್ದಳು. ಲೋಹಿತ್ ಕೂಡ ಕಾಯುತ್ತಿದ್ದ, ಕೈಯನ್ನು ಇನ್ನೂ ಕೆನ್ನೆಯಿಂದ ಇಳಿಸದೆ.

‘ಸುಳ್ಳು ಅಂತಿದಾನೆ’ ಅಂದಳು ರಂಜಿನಿ. ‘ನಾನು ಹೇಳಿದ್ದು ಸುಳ್ಳು ಅಂತ. ಹೌದು, ಸುಳ್ಳು. ಅಪ್ಪ ಏನು ಹೇಳಿದ್ರೋ ನಂಗೊತ್ತಿಲ್ಲ. ನಾನು ಕೇಳಿಸ್ಕೊಳ್ಲಿಲ್ಲ.’

ಹೊಸ್ತಿಲಿನಿಂದ ಅಮ್ಮ, ‘ಏನೇ ಇದು ರಂಜೀ’ ಅಂದದ್ದು ಎಲ್ಲೋ ದೂರದಿಂದ ಬಂತು. ಪಕ್ಕದ ಕೈಗಳು ಅವಳ ಮಾತನ್ನು ಆಚೆ ದಾಟಿಸಿದವು. ಆ ಸನ್ನೆಗಳಲ್ಲಿ ಯಾವುದು ಸುಳ್ಳು, ಯಾವುದು ಅಪ್ಪ, ಯಾವುದು ಇಲ್ಲ ಅಂತ ಹಿಡಿಯಲು ಅವಳು ಪ್ರಯತ್ನಪಟ್ಟಳು. ಹಿಡಿಯುವ ಮುಂಚೆ ಮುಗಿದುಹೋಗಿತ್ತು. ಈ ಸಲ ಲೋಹಿತ್ ಕೈಗಳನ್ನೇ ನೋಡಿದ, ಕೊನೆಯವರೆಗೆ. ನಂತರ ಸುಷ್ಮಾಳ ಕಡೆಗೊಮ್ಮೆ ನೋಡಿ, ಹೇಳತೊಡಗಿದ. ಅವನ ಕೈಗಳು ಬಹಳ ಹೊತ್ತು ಆಡಿದವು. ಒಮ್ಮೆ ಎದೆಯ ಹತ್ತಿರ ಬಂದು ನಿಂತವು, ಒಮ್ಮೆ ಗೋಡೆಯ ಮೇಲಿದ್ದ ಅಪ್ಪನ ಫೋಟೋದ ಕಡೆ ಹೋಗಿ ಮರಳಿದವು, ಒಮ್ಮೆ ಏನನ್ನೋ ಎರಡು ತುಂಡು ಮಾಡಿದಂತೆ ಕಂಡಿತು, ಅಥವಾ ಹಂಚಿದಂತೆ. ನಿಂತವು. ಸುಷ್ಮಾ ಅವನ ಬೆನ್ನ ಮೇಲೆ ಕೈಯಿಟ್ಟಳು.

‘ಏನಂದ?’ ಕೇಳಿದಳು ರಂಜಿನಿ.

ಸಂಘಮಿತ್ರಾ ಲೋಹಿತನ ಮುಖ ನೋಡಿದಳು. ಅವನು ಇಷ್ಟು ಸಾಕು ಅನ್ನುವ ಹಾಗೆ ಅವಳಿಗೆ ಸಣ್ಣದೊಂದು ಸನ್ನೆ ಮಾಡಿದ.

‘ಆಗ್ಲಿ, ಮದುವೆಗೆ ಬಾ ಅಂದ್ರು ಅಕ್ಕಾ.’

‘ಅಷ್ಟೇನಾ?’

‘ಉಳಿದದ್ದು ಸುಷ್ಮಾಗೆ ಹೇಳಿದ್ದಂತೆ’ ಅಂದಳು ಹುಡುಗಿ. ಅವಳ ಕೈಗಳು ಆ ಮಾತನ್ನೂ, ನಿಯಮದ ಪ್ರಕಾರ, ಎಲ್ಲರಿಗೂ ತಿಳಿಸಿದವು.